ಅರ್ಧ ಅತ್ತು ಬಿಡಬಾರದು

ಏಳು ವರ್ಷದ ಮಗುವನ್ನು ಚೌಕಾಬಾರದಲ್ಲಿ ಒಂದೇ ಸಮನೆ ಆರು ಆಟ ಸೋಲಿಸಿ, ಆಮೇಲೆ ಕೈ ತೊಳೆದುಕೊಂಡು ನೆಮ್ಮದಿಯಾಗಿ ಊಟಕ್ಕೆ ಕೂರಬಲ್ಲ ಹೆಂಗಸು ನಮ್ಮ ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ಸೋದರತ್ತೆ, ಅಪ್ಪನ ಒಡಹುಟ್ಟಿದ ತಂಗಿ. ಹೀಗೆ ಹೇಳಿಕೊಳ್ಳುವಾಗ ನನಗಾಗುವುದು ಹೆಮ್ಮೆಯೋ ಹೆದರಿಕೆಯೋ ಇನ್ನೂ ತೀರ್ಮಾನವಾಗಿಲ್ಲ!

ಲೋಕದ ಅಜ್ಜಿಯರೆಲ್ಲ ಏನು ಮಾಡುತ್ತಾರೆ? ಬೇಕೆಂದೇ ಸೋಲುತ್ತಾರೆ. 'ನನ್ನ ಪುಟ್ಟಿ ಗೆದ್ದುಬಿಟ್ಟಳಲ್ಲಪ್ಪ' ಎಂದು ದೃಷ್ಟಿ ತೆಗೆಯುತ್ತಾರೆ. ನಮ್ಮತ್ತೆ ಇನ್ನೇನು ಹಣ್ಣಾಗಬೇಕಿದ್ದ ನನ್ನ ಮಗಳ ಕಾಯನ್ನು ಕಡಿದು, ಕವಡೆ ಕುಲುಕುತ್ತಾ, "ಹೋಯ್ತು ನಿನ್ನ ಕಾಯಿ. ಮತ್ತೆ ಮೊದಲಿಂದ ಬಾ" ಎನ್ನುತ್ತಾರೆ. "ಚಿಕ್ಕ ಮಗು ಅಲ್ವಾ ಅತ್ತೆ, ಒಂದು ಸಲ ಬಿಟ್ಟುಕೊಡಬಾರದಾ?" ಎಂದು ನಾನೊಮ್ಮೆ ಕೇಳಿದೆ. "ಮನೇಲಿ ನಾನು ಬಿಟ್ಟುಕೊಡ್ತೀನಿ ಮಾರಾಯ್ತಿ. ಬೀದೀಲಿ ಯಾರು ಬಿಟ್ಟುಕೊಡ್ತಾರೆ?" ಎಂದವರೇ ನನ್ನ ಕಾಯನ್ನೂ ಕಡಿದರು.

ಅತ್ತೆ ಭದ್ರಾವತಿಯ ಕಾಗದನಗರದಲ್ಲಿ ಬಹಳ ವರ್ಷ ಶಿಶುವಿಹಾರ ನಡೆಸಿದವರು. ಕಾಗದ ಕಾರ್ಖಾನೆಯ ಕ್ವಾರ್ಟರ್ಸಿನ ಮಕ್ಕಳು ಕನ್ನಡದಲ್ಲಿ ಅಳುತ್ತಿದ್ದವು, ತಮಿಳಿನಲ್ಲಿ ಅಳುತ್ತಿದ್ದವು, ತೆಲುಗಿನಲ್ಲಿ ಅಳುತ್ತಿದ್ದವು. ಅತ್ತೆ ಮಾತ್ರ ಯಾವ ಭಾಷೆಯಲ್ಲೂ 'ಅಳಬೇಡ' ಎಂದವರಲ್ಲ. ಒಂದು ಲೋಟ ನೀರು ಹಿಡಿದುಕೊಂಡು ಸುಮ್ಮನೆ ಪಕ್ಕದಲ್ಲಿ ಕೂರುತ್ತಿದ್ದರು. ಅಳು ಸಣ್ಣಗಾಗುತ್ತಿದ್ದ ಹಾಗೆ, "ಇನ್ನೂ ಇದ್ಯಾ? ಇದ್ರೆ ಮುಗಿಸಿಬಿಡು. ಅರ್ಧ ಅತ್ತು ಬಿಡಬಾರದು" ಎನ್ನುತ್ತಿದ್ದರು. ಇಷ್ಟು ಧಾರಾಳವಾಗಿ ಅಪ್ಪಣೆ ಸಿಕ್ಕ ಮೇಲೆ ಯಾವ ಮಗುವಿಗೆ ಅಳುವ ಉತ್ಸಾಹ ಉಳಿದೀತು?

ನನ್ನ ಮಗಳು ಆಗಷ್ಟೇ ನಡೆಯಲು ಕಲಿತಿದ್ದಾಗ ನಡುಮನೆಯಲ್ಲಿ ಎಡವಿ ಬಿದ್ದಳು. ನನ್ನ ಗಂಡ ಎಲ್ಲ ಅಪ್ಪಂದಿರಂತೆ ಓಡಿಬಂದು, "ಈ ನೆಲ ಕೆಟ್ಟದ್ದು, ನೋಡು ಹೊಡೆದೆ" ಎಂದು ನೆಲಕ್ಕೆ ಎರಡು ಬಾರಿಸಿದರು. ಆಗ ನಮ್ಮ ಮನೆಗೆ ಬಂದಿದ್ದ ಅತ್ತೆ ಅಡುಗೆಮನೆಯಿಂದ ಇಣುಕಿ, "ಅದೇನು ಎದ್ದು ಬಂದು ಮಗೂಗೆ ಹೊಡೀತಾ ಮಾರಾಯ್ರೇ? ಪಾಪ, ಮೊದಲಿಂದ ಅಲ್ಲೇ ಬಿದ್ಕೊಂಡಿತ್ತು!" ಎಂದರು. ನನ್ನ ಗಂಡ ಆಮೇಲೆ ಎಷ್ಟೋ ದಿನ ನೆಲದ ಮೇಲೆ ಬಹಳ ಮರ್ಯಾದೆಯಿಂದ ಓಡಾಡಿದರು.

ಇಂಥವರನ್ನು ನಾನೇ ಫೋನ್ ಮಾಡಿ ಶಿವಮೊಗ್ಗಕ್ಕೆ ಕರೆಸಿಕೊಳ್ಳುವ ಕಾಲವೂ ಬಂತು. ಎರಡನೇ ಕ್ಲಾಸಿನ ನನ್ನ ಮಗಳು ಶಾಲೆಯ ವೇದಿಕೆಯಲ್ಲಿ ವಚನ ಹೇಳುತ್ತಾ ಮೂರನೇ ಸಾಲು ಮರೆತು ಮೈಕಿನ ಮುಂದೆ ನಿಂತುಬಿಟ್ಟಳು. ಮಕ್ಕಳು ನಕ್ಕವು. ಇವಳು ಓಡಿಬಂದಳು. ಮರುದಿನದಿಂದ ಹೊಟ್ಟೆನೋವು. ಆ ಹೊಟ್ಟೆನೋವೋ ಬಹಳ ಶಿಸ್ತಿನದು, ಬೆಳಿಗ್ಗೆ ಎಂಟಕ್ಕೆ ಬಂದು, ಶಾಲೆಯ ವ್ಯಾನ್ ನಮ್ಮ ರಸ್ತೆ ದಾಟಿದ ಕೂಡಲೇ ವಾಸಿಯಾಗುತ್ತಿತ್ತು! ಡಾಕ್ಟರ ಬಳಿ ಹೋದೆವು. ಚಾಕ್ಲೇಟ್ ಕೊಟ್ಟೆವು. ಸೈಕಲ್ಲಿನ ಆಸೆ ತೋರಿಸಿದೆವು. ಗದರಿದೆವು. ಒಂದು ವಾರವಾಗುವಷ್ಟರಲ್ಲಿ ಅವಳು ಪಕ್ಕದ ಮನೆ ಮಕ್ಕಳು ಕರೆದರೂ ಹೊರಗೆ ಬರುವುದನ್ನು ಬಿಟ್ಟಳು. ನನಗೆ ನಿಜಕ್ಕೂ ಭಯವಾಯಿತು. ಮಗು ಹೀಗೇ ಬಾಗಿಲ ಹಿಂದೆ ಉಳಿದುಬಿಟ್ಟರೆ?

ಭಾನುವಾರ ಅತ್ತೆ ಬಂದರು. ಚೀಲ ಕೆಳಗಿಟ್ಟವರೇ ಮಗಳನ್ನು ಕೇಳಿದರು.

"ನಕ್ಕರಂತೆ? ಹೆಂಗೆ ನಕ್ಕರು?"

ಮಗಳು ಸಣ್ಣ ದನಿಯಲ್ಲಿ, "ಹಿಹಿಹಿ ಅಂತ" ಎಂದಳು.

"ಇಷ್ಟೇನಾ? ನಾವು ಇದಕ್ಕಿಂತ ಜೋರಾಗಿ ನಗ್ತೀವಿ. ಬಾ, ಸ್ಟೂಲ್ ಹತ್ತು."

ನಡುಮನೆಯೇ ವೇದಿಕೆಯಾಯಿತು. ನಾನು, ನನ್ನ ಗಂಡ, ಅತ್ತೆ ಮೂವರೂ ಶಾಲೆಯ ಮಕ್ಕಳು. ಅವಳು ಮೂರನೇ ಸಾಲನ್ನು ಬೇಕೆಂದೇ ಮರೆಯಬೇಕು, ನಾವು ನಗಬೇಕು. ಹೆತ್ತ ಮಗಳ ಎದುರು ಕೂತು ಅವಳನ್ನೇ ಗೇಲಿ ಮಾಡುವುದೆಂದರೆ! ನನಗೆ ನಗು ಬರಲಿಲ್ಲ. ಗಂಡನ ನಗು ಕೆಮ್ಮಿನ ಹಾಗೆ ಕೇಳಿತು.

"ಏನೇ ಇದು, ಸಾವಿನ ಮನೆ ಥರ! ಸರಿಯಾಗಿ ನಗ್ರೋ!" ಎಂದು ಅತ್ತೆ ಗದರಿದರು.

ಮೊದಲ ಸಲ ಮಗಳು ಸ್ಟೂಲಿನಿಂದ ಜಿಗಿದು ನನ್ನ ಮಡಿಲಿಗೆ ಬಿದ್ದು ಬಿಕ್ಕಿಬಿಕ್ಕಿ ಅತ್ತಳು. ಅತ್ತೆ ನೀರಿನ ಲೋಟ ಹಿಡಿದು ಕಾದರು. ಅಳು ಪೂರ್ತಿ ಮುಗಿದ ಮೇಲೆ ಮೆಲ್ಲನೆ ಹೇಳಿದರು: "ಓಡಬೇಡ ಪುಟ್ಟಿ. ನಗು ಮುಗಿಯೋವರೆಗೂ ಅಲ್ಲೇ ನಿಂತಿರು. ಎಷ್ಟು ಜೋರು ನಗು ಆದ್ರೂ ಮುಗಿಯುತ್ತೆ, ನೀನೇ ನೋಡು."

ಎರಡನೇ ಸಲ ಅವಳು ಮುಷ್ಟಿ ಬಿಗಿಹಿಡಿದು ನಿಂತಳು. ನಾಲ್ಕನೇ ಸಲಕ್ಕೆ ನಮ್ಮ ಮೂವರ ಪಕ್ಕೆಯೂ ನೋಯತೊಡಗಿತ್ತು. ನಗು ಖಾಲಿಯಾಗಿ ನಾವು ಉಸಿರು ಎಳೆದುಕೊಳ್ಳುತ್ತಿದ್ದರೆ, ಸ್ಟೂಲಿನ ಮೇಲಿಂದ ಒಂದು ದನಿ ಬಂತು.

"ಮುಗೀತಾ? ಮುಂದೆ ಹೇಳ್ಲಾ?"

ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೊಟ್ಟೆನೋವು ಬಂತು, ಆದರೆ ಸ್ವಲ್ಪವೇ ಬಂತು. ಅತ್ತೆ ಅವಳ ಕೈಹಿಡಿದು ನಡೆಸಿಕೊಂಡೇ ಹೊರಟರು. "ಇವಳನ್ನ ಗೇಟಿನ ಹತ್ತಿರ ಬಿಟ್ಟು ಹಂಗೇ ಬಸ್ ಸ್ಟ್ಯಾಂಡಿಗೆ ಹೋಗ್ತೀನಿ. ನನಗೆ ಊರಲ್ಲಿ ಕೆಲಸ ಇದೆ" ಎಂದರು. ಒಂದು ಸಲವೂ ತಿರುಗಿ ನೋಡಲಿಲ್ಲ. ಎಂಥ ಗಟ್ಟಿ ಹೆಂಗಸು ಎಂದುಕೊಂಡೆ.

ನನ್ನಿಂದ ಮನೆಯಲ್ಲಿ ಕೂರಲಾಗಲಿಲ್ಲ. ಶಾಲೆ ಬಿಡುವುದಕ್ಕೆ ಮೊದಲೇ ಗೇಟಿನ ಬಳಿ ಹೋದೆ. ಎದುರಿನ ಜೆರಾಕ್ಸ್ ಅಂಗಡಿಯ ಬೆಂಚಿನ ಮೇಲೆ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಕೂತಿದ್ದರು.

"ಅತ್ತೆ! ನೀವು ಹೋಗಲಿಲ್ವಾ?"

"ಬಸ್ ಸಿಗಲಿಲ್ಲ ಕಣೇ."

ಶಿವಮೊಗ್ಗದಿಂದ ಭದ್ರಾವತಿಗೆ ಬಸ್ ಸಿಗಲಿಲ್ಲವಂತೆ! ಅಂಗಡಿಯ ಹುಡುಗಿ ತಲೆ ಹೊರಗೆ ಹಾಕಿ, "ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದಾರೆ ಆಂಟಿ. ಊಟಕ್ಕೂ ಏಳಲಿಲ್ಲ" ಎಂದಳು.

ನಾನು ಅವರ ಮುಖ ನೋಡಿದೆ. ಅವರು ಗೇಟಿನಿಂದ ಕಣ್ಣು ತೆಗೆಯದೆ ಹೇಳಿದರು: "ಒಳಗೆ ಅವಳ ಪಕ್ಕ ಕೂರೋಕೆ ನನ್ನ ಬಿಡಲ್ವಲ್ಲ. ಎಲ್ಲಾದ್ರೂ ಅತ್ಕೊಂಡು ಹೊರಗೆ ಬಂದ್ರೆ ಇಲ್ಲಿ ಯಾರಾದ್ರೂ ಇರಬೇಕಲ್ಲ."

ಗಂಟೆ ಹೊಡೆಯಿತು. ಮಕ್ಕಳ ಗುಂಪಿನಲ್ಲಿ ನನ್ನ ಮಗಳೂ ಬಂದಳು, ಗೆಳತಿಯೊಬ್ಬಳ ಭುಜದ ಮೇಲೆ ಕೈ ಹಾಕಿಕೊಂಡು, ಏನೋ ಜೋರಾಗಿ ಹೇಳುತ್ತಾ. ನಮ್ಮ ಕಡೆ ನೋಡಲೂ ಇಲ್ಲ. ನಾನು ಕೂಗಲು ಬಾಯಿ ತೆರೆದೆ. ಅತ್ತೆ ಥಟ್ಟನೆ ನನ್ನ ಕೈ ಹಿಡಿದುಕೊಂಡರು.

"ಕೂಗಬೇಡ. ಮಾತು ಮುಗಿಸ್ಲಿ."

ನಾನು ಆ ಕೈಯನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಅವರ ಪಕ್ಕದಲ್ಲಿ ಕೂತೆ.