ರೇಷ್ಮೆಯ ಮೇಲಿನ ನಾಡಿ

ನಮ್ಮ ಸೋದರತ್ತೆಯ ಎದುರು ಯಾರೂ ಆರೋಗ್ಯವಾಗಿರುವಂತಿರಲಿಲ್ಲ! ಇದ್ದರೆ ಆಕೆಗೆ ಸಿಟ್ಟು ಬರುತ್ತಿತ್ತು. ನಮ್ಮೂರು ಮಕ್ತಲಿಗೆ ಕಾಲರಾ ಸೂಜಿ ಹಾಕಲು ಬಂದ ನರ್ಸಮ್ಮನನ್ನು ಕಂಡಂದಿನಿಂದ, ತಾನೂ ಹೈದರಾಬಾದಿನ ದವಾಖಾನೆಗೆ ಹೋಗಿ ಆ ಕೆಲಸ ಕಲಿಯಬೇಕೆಂದು ಹಟ ಹಿಡಿದಿದ್ದಳು. ಕಳಿಸುವವರೆಗಾದರೂ ಸುಮ್ಮನಿರಬೇಕಲ್ಲವೇ? ಮೊದಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಬೀದಿಗೆ, ಸಿಕ್ಕವರ ನಾಡಿ ಹಿಡಿಯುತ್ತ ತಿರುಗುತ್ತಿದ್ದಳು.

ಪಕ್ಕದ ನಾರ್ವದಿಂದ ಜೋಳ ತಂದ ರೈತನನ್ನೂ ಬಿಡಲಿಲ್ಲ.

“ನನಗೇನಾಗೈತ್ರಿ ಅವ್ವಾರ?”

“ಏನೂ ಆಗಿಲ್ಲ.”

“ಹಂಗಾರ ಕೈ ಬಿಡ್ರಿ, ಎತ್ತು ಬಿಸಿಲಾಗ ನಿಂತಾವು.”

ಗದ್ವಾಲದಿಂದ ಆಕೆಯನ್ನು ನೋಡಲು ವರ ಬಂದ. ಅತ್ತೆ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದವಳೇ, “ನಾಲಿಗಿ ತೋರಸ್ರಿ” ಎಂದಳು. ಪಾಪ, ಗಾಬರಿಯಲ್ಲಿ ಆತ ತೋರಿಸಿಯೇಬಿಟ್ಟ! “ಪಿತ್ತ ಆಗ್ಯದ. ಇದು ಬ್ಯಾಡ, ಗಂಜಿ ಕುಡೀರಿ” ಎಂದು ತಟ್ಟೆಯೊಂದಿಗೆ ಒಳಗೆ ನಡೆದಳು. ಉಪ್ಪಿಟ್ಟು ಆರುವುದರೊಳಗೆ ಬೀಗರ ಬಂಡಿ ಊರು ದಾಟಿತ್ತು.

ಅಜ್ಜ ಗುಡಿಯ ಅರ್ಚಕರು, ಮಡಿಯೆಂದರೆ ಪ್ರಾಣ. “ಕಂಡಕಂಡವರ ಮೈ ಮುಟ್ಟೋ ಕೆಲಸ ನಮಗ ಒಗ್ಗೂದಿಲ್ಲ” ಎಂದುಬಿಟ್ಟರು. ಅತ್ತೆ ಸೋಲುವವಳೇ? ರೇಷ್ಮೆಗೆ ಮೈಲಿಗೆ ತಟ್ಟುವುದಿಲ್ಲವಲ್ಲ! ಹಳೆಯ ನಾರಾಯಣಪೇಟೆ ರೇಷ್ಮೆ ಸೀರೆಯ ತುಂಡನ್ನು ಎಲ್ಲರ ಮುಂಗೈಗೆ ಹೊದಿಸಿ, ಅದರ ಮೇಲಿಂದ ನಾಡಿ ನೋಡತೊಡಗಿದಳು.

“ಈಗ ಕಳಸ್ತೀರೇನಪ್ಪಾ?”

“ಇಲ್ಲ.”

ನಿಜಾಮರ ಮೇಲೆ ಪೊಲೀಸ್ ಆ್ಯಕ್ಷನ್ ಆಯಿತು, ಸರ್ಕಾರವೇ ಬದಲಾಯಿತು, ಅಜ್ಜ ಬದಲಾಗಲಿಲ್ಲ. ಗಲಾಟೆಯಲ್ಲಿ ನಿಂತಿದ್ದ ರೈಲು ಮತ್ತೆ ಹತ್ತಿರದ ಕೃಷ್ಣಾ ಸ್ಟೇಷನ್ನಿಗೆ ಬರತೊಡಗಿತು. ದವಾಖಾನೆಯಲ್ಲಿ ಹುಡುಗಿಯರನ್ನು ಕಲಿಯಲು ಸೇರಿಸಿಕೊಳ್ಳುತ್ತಾರೆಂಬ ಸುದ್ದಿಯೂ ಬಂತು. ಅತ್ತೆ ಮತ್ತೆ ಕೇಳಿದಳು. ಅಜ್ಜ ಮತ್ತೆ “ಇಲ್ಲ” ಎಂದರು.

ಆಗ ಅತ್ತೆ ಕುಳಿತಳು. ಆಕೆ ಕುಳಿತದ್ದನ್ನು ನಾವು ಯಾರೂ ಕಂಡಿರಲಿಲ್ಲ! ಕಂಬಕ್ಕೊರಗಿ ಕುಳಿತವಳು ಯಾರ ನಾಲಿಗೆಯನ್ನೂ ಕೇಳಲಿಲ್ಲ. ನಾನೇ ಹೋಗಿ ಸುಳ್ಳು ಕೆಮ್ಮಿದೆ. ತಿರುಗಿ ನೋಡಲಿಲ್ಲ. ಆಕೆಯ ಕಾಟಕ್ಕೆ ಬೈಯುತ್ತಿದ್ದ ಮನೆಯವರೆಲ್ಲ ಈಗ ಅಡುಗೆಮನೆಯಿಂದ ಪಡಸಾಲೆಗೆ, ಪಡಸಾಲೆಯಿಂದ ಅಡುಗೆಮನೆಗೆ ತಿರುಗತೊಡಗಿದರು.

ಒಂದು ಮಧ್ಯಾಹ್ನ ಅಜ್ಜ ಪೂಜೆ ಮುಗಿಸಿ, ಮಡಿಯುಟ್ಟುಕೊಂಡೇ ಆಕೆಯ ಮುಂದೆ ಬಂದು ನಿಂತು ಕೈ ಚಾಚಿದರು.

“ನಾಡಿ ನೋಡು.”

ಅತ್ತೆ ರೇಷ್ಮೆ ತುಂಡಿಗಾಗಿ ತಡಕಾಡಿದಳು.

“ಬರೇ ಕೈಲೆ ಹಿಡಿ. ಹೈದರಾಬಾದಿನ್ಯಾಗ ಎಷ್ಟು ಮಂದಿಗೆ ರೇಷ್ಮಿ ಹುಡುಕ್ತಿ?”

ಅತ್ತೆ ಹಿಡಿದಳು. ಎಷ್ಟು ಎಣಿಸಿದಳೋ, ಎಷ್ಟು ಸಲ ತಪ್ಪಿದಳೋ, ಬಹಳ ಹೊತ್ತು ಬಿಡಲಿಲ್ಲ. ನೆನೆದರೆ ಇಂದಿಗೂ ನನ್ನ ಕಣ್ಣು ತುಂಬುತ್ತದೆ.

ಆ ದಿನ ಅಜ್ಜ ಮತ್ತೆ ಸ್ನಾನ ಮಾಡಲಿಲ್ಲ. ಹಾಗೆಯೇ ಊಟಕ್ಕೆ ಕುಳಿತರು.