ಕಳ್ಳಿಗೊಂದು ಬಾಣಂತನ

ಆ ರಾತ್ರಿ ಕುಷ್ಟಗಿಯಲ್ಲಿ ತಾಪಮಾನ ಎಂಟು ಡಿಗ್ರಿಗೆ ಇಳಿಯಬಹುದು ಎಂದು ಭಾನುವಾರ ಬೆಳಿಗ್ಗೆ ಮೊಬೈಲ್ ಹೇಳಿತು. ಊರಿನಲ್ಲಿ ಯಾರೂ ಗಾಬರಿಯಾಗಲಿಲ್ಲ. ಸ್ವೆಟರ್ ಇದ್ದವರು ಹಾಕಿಕೊಂಡರು, ಇಲ್ಲದವರು ಕಿವಿಗೆ ಟವೆಲ್ ಸುತ್ತಿಕೊಂಡು ಚಹಾದಂಗಡಿ ಮುಂದೆ ನಿಂತರು. ಬನಿಯನ್ ಮೇಲೇ ಅಂಗಳಕ್ಕೆ ಓಡಿ ಬಂದವನು ಯಂಕೇಶ ಒಬ್ಬನೇ. ಅವನ ಕೈಯಲ್ಲಿ ಕಂಬಳಿ ಇತ್ತು. ಆದರೆ ಕಂಬಳಿ ಅವನಿಗಲ್ಲ, ಕಳ್ಳಿಗೆ.

ಕಳ್ಳಿ ಅವನದಲ್ಲ, ಅವನ ಕಚೇರಿಯ ಮುಖ್ಯಸ್ಥೆ ಸುಮಂಗಲಾ ಮೇಡಂ ಅವರದು. ಸಣ್ಣ ಚೆಂಬಿನ ಗಾತ್ರ, ಗುಂಡಗಿನ ಹಸಿರು ಮೈ, ನೆತ್ತಿಯ ಮೇಲೆ ಕೆಂಪು ಉಣ್ಣೆಯ ಟೋಪಿ ಇಟ್ಟಂಥ ಗೊಂಡೆ. ರಜೆಯ ಮೇಲೆ ಹೋಗುವಾಗ ಮೇಡಂ ಅದನ್ನು ಯಂಕೇಶನ ಕೈಗೆ ಕೊಟ್ಟು ಹೇಳಿದ್ದರು: "ಇದು ಬಿಸಿ ದೇಶದ ಗಿಡ. ಇಬ್ಬನಿ ಹೆಪ್ಪುಗಟ್ಟಿದರ ಮುಗೀತು. ಹತ್ತು ಡಿಗ್ರಿಗಿಂತ ಕೆಳಗ ಹೋಗಬಾರದು. ಚಳಿಗಾಲದಾಗ ನೀರು ಹಾಕಬ್ಯಾಡ್ರಿ. ಒಣಗಿದ್ದರ ಥಂಡಿ ತಡಕೊಂತದ, ಹಸಿ ಇದ್ದರ ಬುಡ ಕೊಳೀತದ. ಛಲೋ ನೋಡ್ಕೋರಿ. ಬಂದ ಮ್ಯಾಲೆ ನಿಮ್ಮ ರಿಲೀವ್ ವಿಚಾರ ಮಾಡೋಣು."

ಕೊನೆಯ ವಾಕ್ಯಕ್ಕಾಗಿ ಯಂಕೇಶ ಹುಲಿಮರಿಯನ್ನೂ ಸಾಕಲು ಸಿದ್ಧನಿದ್ದ. ಅವನಿಗೆ ಗಂಗಾವತಿಗೆ ವರ್ಗವಾದ ಆದೇಶ ಬಂದಾಗ ಹೊಲದಲ್ಲಿ ಜೋಳ ಬಿತ್ತುತ್ತಿದ್ದರು. ಈಗ ತೆನೆ ತೂಗುತ್ತಿತ್ತು. ಆದೇಶ ಬಂದರೆ ಸಾಲದು, ಮೇಲಿನವರು ಬಿಡುಗಡೆ ಮಾಡಬೇಕು. ಹೆಂಡತಿ ಅನುಷಾ ಗಂಗಾವತಿ ಪಕ್ಕದ ಶ್ರೀರಾಮನಗರದಲ್ಲಿ ನರ್ಸ್. ವಾರಕ್ಕೊಮ್ಮೆ ಕಾಣುವ ಅಪ್ಪನನ್ನು ಮಗಳು 'ಭಾನುವಾರದ ಮಾಮಾ' ಎಂದು ಕರೆಯಲು ಶುರು ಮಾಡಿದ್ದಳು. ಈ ಭಾನುವಾರ ಕಳ್ಳಿಯ ದೆಸೆಯಿಂದ ಆ ಮಾಮನೂ ಹೋಗಿರಲಿಲ್ಲ.

"ಏನ್ ತಮ್ಮಾ, ಡಬಗಳ್ಳಿಗೆ ಕಂಬಳಿ ಹೊಚ್ಚಾಕತ್ತೀಯಲ್ಲ?" ಮನೆಯ ಒಡತಿ ಹುಲಿಗವ್ವ ಕಸಬರಿಗೆ ಹಿಡಿದೇ ಕೇಳಿದಳು. "ನಮ್ಮ ಹೊಲದ ಬದುವಿನ್ಯಾಗ ನಿಂತಾವ ನೋಡು, ಮಳಿ ಅನ್ನಂಗಿಲ್ಲ, ಚಳಿ ಅನ್ನಂಗಿಲ್ಲ. ಇದ್ಯಾವ ಸಾಹುಕಾರನ ಮಗಳು?"

"ಇದಕ್ಕ ಥಂಡಿ ಆಗಿಬರಂಗಿಲ್ಲವ್ವ. ಇದು ಸತ್ತರ ನನ್ನ ಗಂಗಾವತಿನೂ ಸತ್ತಂಗ."

ಹುಲಿಗವ್ವ ಆ ಓಣಿಯ ಎಷ್ಟೋ ಹೆಣ್ಣುಮಕ್ಕಳ ಬಾಣಂತನ ಮಾಡಿದವಳು. ಅವಳ ಕೈಯಲ್ಲಿ ಎರೆಸಿಕೊಂಡ ಕೂಸು ನೆಗಡಿ ಎಂದದ್ದಿಲ್ಲ. ಥಂಡಿ ಎಂಬ ಶಬ್ದ ಕಿವಿಗೆ ಬಿದ್ದದ್ದೇ ಅವಳ ಮುಖದಲ್ಲಿ ಹಳೆಯ ಸೇನಾಪತಿಯ ಕಳೆ ಬಂತು.

ಯಂಕೇಶ ಕಳ್ಳಿಯನ್ನು ಬಿಸಿಲಿಗಿಟ್ಟು, ಕೋಳಿ ಸಾಕುವ ವಿರುಪಣ್ಣನ ಮನೆಗೆ ಹೋದ. ಮರಿಗಳಿಗೆ ಕಾವು ಕೊಡುವ ಬಲ್ಬು ಬೇಕಾಗಿತ್ತು. ವಿರುಪಣ್ಣ ಬಲ್ಬಿನ ಜೊತೆಗೆ ರಟ್ಟಿನ ಡಬ್ಬಿಯನ್ನೂ, ಕೋಳಿಮರಿಗಳ ಬಗ್ಗೆ ಉದ್ದನೆಯ ಉಪನ್ಯಾಸವನ್ನೂ ಕೊಟ್ಟ. ಅದನ್ನು ಮುಗಿಸಿಕೊಂಡು ಯಂಕೇಶ ಮರಳಿದಾಗ ಅಂಗಳದಲ್ಲಿ ಲೋಬಾನದ ಹೊಗೆ ದಟ್ಟವಾಗಿತ್ತು. ಹೊಗೆಯ ನಡುವೆ ಕಳ್ಳಿ, ಕೂಸುಗಳಿಗೆ ತೊಡಿಸುವ ಜರಿಯಂಚಿನ ಕುಂಚಿಗೆ ತೊಟ್ಟು ಕುಳಿತಿತ್ತು. ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯವ್ವಾ! ಏನ್ ಮಾಡೀದಿ?"

"ಏನೈತಿ ಮಾಡೂದು? ಎರದೀನಿ. ಬಿಸಿನೀರು ಎರಡು ಕೊಡ. ಮುಳ್ಳು ಚುಚ್ಚತಾವಂತ ಎಣ್ಣಿ ಅಷ್ಟ ಬಿಟ್ಟೀನಿ. ನೋಡು, ಹ್ಯಾಂಗ ಕಳಕಳ ಅಂತೈತಿ!"

ನಿಜಕ್ಕೂ ಕಳ್ಳಿ ಕಳಕಳ ಎನ್ನುತ್ತಿತ್ತು. ಎರಡು ಕೊಡ ಬಿಸಿನೀರಿಗೂ ಮುಖ ಮುದುರಿರಲಿಲ್ಲ. ಆದರೆ ಕುಂಡದ ಮಣ್ಣು ಕೆಸರಾಗಿತ್ತು. ಆ ಹಸಿಯಲ್ಲಿ ಎಂಟು ಡಿಗ್ರಿ ಚಳಿ ಸೇರಿದರೆ ಏನಾಗುತ್ತದೆಂದು ಮೇಡಂ ಹೇಳಿದ್ದರು.

ಯಂಕೇಶ ಅಳಲಿಲ್ಲ, ಬಯ್ಯಲಿಲ್ಲ. ಆ ಮನುಷ್ಯನ ದೊಡ್ಡತನ ಇರುವುದೇ ಅಲ್ಲಿ. ಕಳ್ಳಿಯನ್ನು ಗೋಣಿಚೀಲದಲ್ಲಿ ಹಿಡಿದು ಕುಂಡದಿಂದ ಎಬ್ಬಿಸಿದ. ಬೇರಿನ ಹಸಿಮಣ್ಣನ್ನು ಹಲ್ಲುಜ್ಜುವ ಬ್ರಷ್‌ನಿಂದ ಬಿಡಿಸಿದ. ಆಮೇಲೆ ಅದನ್ನೆತ್ತಿಕೊಂಡು ಫಾರೂಕನ ಸಲೂನಿಗೆ ಓಡಿದ. ಓಣಿಯಲ್ಲಿ ಕೂದಲು ಒಣಗಿಸುವ ಯಂತ್ರವಿದ್ದದ್ದು ಅಲ್ಲೊಂದೇ.

ಭಾನುವಾರದ ಸಲೂನು ಸಂತೆಯಂತಿತ್ತು. ಫಾರೂಕ ಕಳ್ಳಿಯನ್ನು ಸುತ್ತ ತಿರುಗಿಸಿ ನೋಡಿದ.

"ಕೂದಲಾ ನೆತ್ತಿ ಮ್ಯಾಲಷ್ಟ ಅದಾವಲ್ರಿ ಅಣ್ಣಾರ. ಸೈಡ್ ಎಲ್ಲಾ ಮೊದಲ ಯಾರೋ ಹೊಡದಾರ."

"ಚಾಷ್ಟಿ ಬ್ಯಾಡ ಭಾಯ್. ತಣ್ಣನ ಗಾಳಿ ಬಿಡು. ಬುಡಕ್ಕ ಬಿಡು, ಬೇರಿಗೆ ಬಿಡು. ದೂರ ಹಿಡಿ."

"ನನ್ನ ಅರ್ಧ ಗಡ್ಡ ಉಳದೈತೋ!" ಎಂದು ಕುರ್ಚಿಯಲ್ಲಿದ್ದವನು ಸೋಪಿನ ನೊರೆಯೊಳಗಿಂದ ಕೂಗಿದ.

"ನಿಂದು ನಾಳೆನೂ ಬೆಳೀತೈತಿ, ಸುಮ್ಕ ಕುಂದರು. ಇದು ಒಬ್ಬರ ಸಂಸಾರದ ಪ್ರಶ್ನೆ," ಎಂದು ಫಾರೂಕ ಗದರಿದ. ಅವನು ಮದುಮಗನಿಗೆ ಮಾಡುವಷ್ಟೇ ನಿಷ್ಠೆಯಿಂದ, ಮುಳ್ಳಿನ ಸಾಲು ಸಾಲಿನ ನಡುವೆ ಗಾಳಿ ಹಾಯಿಸಿದ.

ಅಷ್ಟರಲ್ಲಿ ಅನುಷಾಳ ಫೋನ್ ಬಂತು.

"ಎಲ್ಲಿ ಅದೀರಿ?"

"ಸಲೂನಿನ್ಯಾಗ."

"ಛಲೋ ಆತು, ಹೋದ ವಾರನ ಹೇಳಿದ್ನಲ್ಲ, ಕರಡಿ ಆದಂಗ ಆಗೀರಿ ಅಂತ."

"ಕಟಿಂಗ್ ನನಗಲ್ಲ."

"ಆ ಗಿಡಕ್ಕೇನ್ರಿ?" ಎಂದಳು ಅನುಷಾ. ಗಂಡನನ್ನು ಅವಳು ಚೆನ್ನಾಗಿ ಬಲ್ಲಳು. "ಮಾಡ್ರಿ, ಮಾಡ್ರಿ. ಅದನ್ನ ನೋಡ್ಕೊಂಡಂಗ ನಮ್ಮನ್ನ ನೋಡ್ಕೊಳ್ಳೂ ದಿನಾನೂ ಬರಲಿ."

ಮಧ್ಯಾಹ್ನದ ಹೊತ್ತಿಗೆ ಬೇರು ಒಣಗಿತು. ಕಟ್ಟುತ್ತಿದ್ದ ಮನೆಯೊಂದರ ಮುಂದಿನ ರಾಶಿಯಿಂದ ಒಣ ಮರಳು ತಂದು ಜರಡಿ ಹಿಡಿದು ಯಂಕೇಶ ಹೊಸ ಕುಂಡ ತುಂಬಿದ. ರಟ್ಟಿನ ಡಬ್ಬಿಗೆ ಗಾಳಿಯಾಡಲು ತೂತು ಕೊರೆದ, ಬಲ್ಬನ್ನು ಕಳ್ಳಿಗೆ ತಾಗದಂತೆ ದೂರದಲ್ಲಿ ಕಟ್ಟಿದ. ಪ್ರಾಯಶ್ಚಿತ್ತವೆಂಬಂತೆ ಹುಲಿಗವ್ವ ಡಬ್ಬಿಗೆ ಹೊರಗಿನಿಂದ ಕೌದಿ ಸುತ್ತಿದಳು. ಎಲ್ಲ ಮುಗಿದಾಗ ಓಣಿಯ ಅರ್ಧ ಜನ ಅಂಗಳದಲ್ಲಿದ್ದರು. ಅರ್ಧ ಗಡ್ಡದವನೂ ಇದ್ದ.

ಮರುದಿನ ಬರಬೇಕಾಗಿದ್ದ ಸುಮಂಗಲಾ ಮೇಡಂ ಆಗಲೇ ಬಂದರು. ಚಳಿಯ ಸುದ್ದಿ ಕೇಳಿ ತಡೆಯಲಾರದೆ, ಬಸ್ಸಿಳಿದು ಬ್ಯಾಗಿನ ಸಮೇತ ನೇರವಾಗಿ ಓಣಿಗೇ ಬಂದಿದ್ದರು. ಕೌದಿ ಸರಿಸಿದರು, ಡಬ್ಬಿ ತೆರೆದರು. ಬೆಳಕಿನಲ್ಲಿ ಕಳ್ಳಿ ಸಿಂಹಾಸನದ ಮೇಲೆ ಕೂತ ರಾಣಿಯಂತಿತ್ತು. ಮೇಡಂ ಬುಡವನ್ನು ಬೆರಳಿನಿಂದ ಒತ್ತಿ ನೋಡಿದರು.

"ಗಟ್ಟಿ ಐತಿ," ಎಂದರು. ಅವರ ದನಿ ಒದ್ದೆಯಾಗಿತ್ತು. "ಒಣ ಮರಳು, ಹದವಾದ ಕಾವು, ಗಾಳಿ... ಯಂಕೇಶ್, ನಾನಾದ್ರೂ ಇಷ್ಟು ಮಾಡ್ತಿದ್ದಿಲ್ಲ."

ಓಣಿಯವರು ಚಪ್ಪಾಳೆ ತಟ್ಟಿದರು. ಇದೇ ಸಮಯವೆಂದು ಯಂಕೇಶ ಕೈ ಮುಗಿದ. "ಮೇಡಂ, ನನ್ನ ರಿಲೀವ್..."

"ಹೌದ್ರಿ, ನಾಳೆ ಮುಂಜಾನೆ ನಿಮ್ಮನ್ನ ಬಿಡಬೇಕಂತನ ಬಸ್ಸಿನ್ಯಾಗ ನಿಶ್ಚಯ ಮಾಡಿದ್ದೆ. ಆದ್ರ ಇದನ್ನ ನೋಡಿದ ಮ್ಯಾಲೆ ಹ್ಯಾಂಗ ಬಿಡ್ಲಿ? ಇಂಥ ಮನುಷ್ಯಾ ನನಗ ಎಲ್ಲಿ ಸಿಗ್ತಾನ? ನಾನು ಇಲ್ಲಿ ಇರೂತನಕ ನೀವು ಇಲ್ಲೇ ಇರಬೇಕು. ಮನ್ಯಾಗಿನ ಉಳಿದ ಕುಂಡಗಳನ್ನೂ ನಾಳೆ ಕಳಸ್ತೀನಿ."

"ಖರೇ ಮಾತ್ರಿ ಬಾಯಾರ, ಬಿಡಬ್ಯಾಡ್ರಿ! ಬಂಗಾರದಂಥ ಹುಡುಗ," ಎಂದಳು ಹುಲಿಗವ್ವ.

ಯಂಕೇಶನ ಮುಗಿದ ಕೈ ಮುಗಿದಂತೆಯೇ ಇತ್ತು. ಅವನು ಸಂಕೋಚಪಡುತ್ತಿದ್ದಾನೆಂದು ತಿಳಿದ ಮೇಡಂ ಅವನ ಬೆನ್ನು ತಟ್ಟಿದರು.

"ಎಲ್ಲಾರೂ ನಿಮ್ಮಂಗ ಇರಂಗಿಲ್ರಿ. ಹೋದ ಚಳಿಗಾಲ ಇದರ ಜೋಡಿ ಗಿಡ ನಮ್ಮ ಆಫೀಸಿನ್ಯಾಗಿದ್ದ ಗವಿಸಿದ್ದೇಶಗ ಕೊಟ್ಟಿದ್ದೆ. ನೀರು ಹಾಕಿ ಹಾಕಿ ಕೊಳಸಿಬಿಟ್ಟ. ನನಗ ಎಷ್ಟು ಸಿಟ್ಟು ಬಂತಂದ್ರ, ನನ್ನ ಕಣ್ಣಮುಂದ ನಿಲ್ಲಬ್ಯಾಡ ಅಂತ ಅವತ್ತ ರಿಲೀವ್ ಮಾಡಿ ಕಳಸಿದೆ."

"ಎಲ್ಲಿಗ್ರಿ ಮೇಡಂ?"

"ಗಂಗಾವತಿಗೆ."

ಯಂಕೇಶ ಕಳ್ಳಿಯ ಕಡೆ ನೋಡಿದ. ಅದು ಅಷ್ಟು ಆರೋಗ್ಯವಾಗಿ ಹಿಂದೆಂದೂ ಕಂಡಿರಲಿಲ್ಲ.