ಪ್ರೂಫ್ ಮೇಷ್ಟ್ರು ಚೋಕ್ ಬದಲಿಸಿದ್ದು

ಪ್ರೂಫ್ ಮೇಷ್ಟ್ರ ತಲೆಯ ಮೇಲಿನ ಟ್ಯೂಬ್‌ಲೈಟು ಅಂದು ಬೆಳಗ್ಗೆಯಿಂದ ಕಣ್ಣು ಹೊಡೆಯತೊಡಗಿತು. ಅದರ ಗುಂಯ್ ಎನ್ನುವ ರಾಗ ಪ್ರೆಸ್ಸಿನವರಿಗೆ ಹಳೆಯದು, ಯಾರಿಗೂ ಅದರ ಮೇಲೆ ಗಮನವೇ ಇರಲಿಲ್ಲ. ಆದರೆ ಹೀಗೆ ಮಿಟಮಿಟ ಎಂದರೆ ಕರಡು ತಿದ್ದುವುದು ಹೇಗೆ? ‘ಸನ್ಮಾನ’ ಎಂದಿದ್ದಲ್ಲೆಲ್ಲ ಮೇಷ್ಟ್ರಿಗೆ ‘ಅನುಮಾನ’ ಕಾಣತೊಡಗಿತು.

"ಯಜಮಾನ್ರಿಗೆ ಹೇಳಿ," ಎಂದರು ಟೈಪಿಸ್ಟ್ ಮೇಡಂ, ಪ್ಲೈವುಡ್ ಗೋಡೆಯ ಆಚೆಗಿನ ಅವರ ಕೋಣೆಯನ್ನು ಕಣ್ಣಲ್ಲೇ ತೋರಿಸಿ.

"ಹೇಳಿದ್ರೆ ಕಿಟಕಿ ಹತ್ರ ಕೂತ್ಕೊಳ್ಳಿ ಅಂತಾರೆ."

"ಸ್ಟಾರ್ಟರ್ ಹೋಗಿದೆ, ಬಿಡಿ. ನಾನು ಬರೆದು ಕೊಡ್ತೀನಿ," ಎಂದ ಪಕ್ಕದ ಮೇಜಿನಲ್ಲಿ ಪುಸ್ತಕಗಳಿಗೆ ಅಂಟು ಹಚ್ಚುತ್ತಿದ್ದ ಬೈಂಡರ್.

ಮೇಷ್ಟ್ರು ಸ್ಟೂಲು ಹತ್ತಿ, ಬೈಂಡರನ ಮೇಜಿನ ಮೇಲಿನ ದೀಪದ ಸ್ಟಾರ್ಟರ್ ತಂದು ಇಲ್ಲಿಗೆ ಹಾಕಿದರು. ದೀಪ ಮೊದಲಿಗಿಂತ ಜೋರಾಗಿ ಕಣ್ಣು ಹೊಡೆಯಿತು.

"ಟ್ಯೂಬಿನ ತುದಿ ಕಪ್ಪಾಗಿದೆಯಲ್ರೀ, ಅದೇ ಹೋಗಿರೋದು," ಎಂದರು ಮೇಡಂ.

ಟ್ಯೂಬುಗಳೂ ಅದಲುಬದಲಾದವು. ಕೆಟ್ಟಿದೆ ಎಂದ ಟ್ಯೂಬು ಬೈಂಡರನ ಮೇಲೆ ಹಾಲಿನಂತೆ ಬೆಳಗಿತು. ಚೆನ್ನಾಗಿದ್ದದ್ದು ಮೇಷ್ಟ್ರ ಮೇಲೆ ಬಂದು ಮಿಟಮಿಟ ಎಂದಿತು.

"ಹಾಗಾದ್ರೆ ಪಟ್ಟಿಯೊಳಗೆ ಕೂತು ಗುಂಯ್ ಅನ್ನೋ ಆ ಚೋಕೇ ಕಳ್ಳ!" ಎಂದರು ಮೇಷ್ಟ್ರು, ಪತ್ತೇದಾರನ ಗತ್ತಿನಲ್ಲಿ.

ಊಟದ ಹೊತ್ತಿನಲ್ಲಿ ಅಂಗಡಿಗೆ ಹೋಗಿ ಹೊಸ ಚೋಕ್ ತಂದರು. ಶಾಕ್ ಹೊಡೆಯದಿರಲೆಂದು ಮೇನ್ ಸ್ವಿಚ್ಚನ್ನೇ ಆರಿಸಿದರು.

"ಅಯ್ಯಯ್ಯೋ! ನಾನಿನ್ನೂ ಸೇವ್ ಮಾಡಿರ್ಲಿಲ್ಲ!" ಮೇಡಂ ಕೂಗು ಬೀದಿಗೆ ಕೇಳಿಸಿತು. "ಬೆಳಗ್ಗಿಂದ ಹೊಡೆದಿದ್ದೆಲ್ಲ ಹೋಯ್ತಲ್ರೀ!"

"ಬೆಳಕು ಬಂದ್ಮೇಲೆ ಇನ್ನೂ ಚೆನ್ನಾಗಿ ಹೊಡೀಬಹುದು ಮೇಡಂ," ಎಂದು ಸಮಾಧಾನ ಹೇಳುತ್ತಲೇ ಮೇಷ್ಟ್ರು ಹಳೆಯ ಚೋಕ್ ಬಿಚ್ಚಿದರು. ಇಸ್ತ್ರಿಪೆಟ್ಟಿಗೆಯಂತೆ ಕಾದಿದ್ದ ಅದು ಕೈ ಸುಟ್ಟು, ಜಾರಿ, ಬೈಂಡರನ ಅಂಟಿನ ಡಬ್ಬದೊಳಗೆ ಬಿತ್ತು. ಬೈಂಡರನ ಮುಖಕ್ಕೂ ಅಂಗಿಗೂ ಅಂಟಿನ ಅಭಿಷೇಕವಾಯಿತು.

ಹೊಸದನ್ನು ಕೂರಿಸಿ, ತಂತಿ ಬಿಗಿದು, ಮೇನ್ ಹಾಕಿಸಿದರು. ದೀಪ ಒಂದೇ ಏಟಿಗೆ ಹತ್ತಿ ನಿಂತಿತು. ಮಿಟುಕಿಲ್ಲ, ಸದ್ದಿಲ್ಲ.

ಮೇಷ್ಟ್ರಿಗೆ ಎದೆಯುಬ್ಬಿತು. ಸ್ಟೂಲಿನ ಮೇಲಿಂದಲೇ, ದಿನಾ ಮಾತಾಡುವ ದನಿಯಲ್ಲೇ, "ಆ ಜಿಪುಣನ್ನ ನಂಬಿದ್ದಿದ್ರೆ ನಾವು ಕತ್ತಲೇಲೇ ಮುದುಕರಾಗ್ತಿದ್ವಿ," ಎಂದರು.

ಪ್ಲೈವುಡ್ಡಿನ ಆಚೆ ಕುರ್ಚಿ ಕಿರುಗುಟ್ಟಿತು. ಯಜಮಾನರು ಹೊರಗೆ ಬಂದು ನಿಂತರು. ಅವರ ಮುಖದಲ್ಲಿ ಸಿಟ್ಟಿಗಿಂತ ಸಂತೋಷವೇ ಹೆಚ್ಚಿತ್ತು.

"ನನಗೆ ಕಿವಿ ಮಂದವಾಗಿದೆ ಅಂದ್ಕೊಂಡು ನಾಳೆ ಡಾಕ್ಟರ್ ಹತ್ರ ಹೊರಟಿದ್ದೆ ಕಣ್ರೀ. ಕಿವಿ ಸರಿಯಾಗೇ ಇದೆ! ನಿಮ್ಮ ಮಾತು ಕೇಳಿಸದೇ ಇದ್ದದ್ದೆಲ್ಲ ಆ ಗುಂಯ್ ಸದ್ದಿನ ಕೆಲಸ! ಇಷ್ಟು ವರ್ಷ ಇಲ್ಲಿ ಇದೇ ಮಾತೇನು? ಮೇಷ್ಟ್ರೇ, ಇಳಿದು ಒಳಗೆ ಬನ್ನಿ."

ಅವರು ಒಳಗೆ ಹೋದರು. ಮೇಷ್ಟ್ರು ಸ್ಟೂಲಿನಿಂದ ಇಳಿದು, ಬೈಂಡರನ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದರು:

"ಆ ಹಳೇ ಚೋಕ್ ತೊಳೆದು ಒಣಗಿಸಪ್ಪಾ, ಸಂಜೆ ವಾಪಸ್ ಹಾಕಿಬಿಡೋಣ."

"ಅದೂ ಕೇಳಿಸ್ತು," ಎಂದರು ಒಳಗಿನಿಂದ ಯಜಮಾನರು.